ಅಡ್ಮಿನ್ ಕೆಲ್ಸದಲ್ಲಿ ಸಿಕ್ಕಾಕ್ಕೊಂಡಿದೀನಿ, ಇಲ್ಲಿಂದ ಎಲ್ಲಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ಅಡ್ಮಿನ್ ಕೆಲ್ಸ ಮಾಡಿ ಆಮೇಲೆ ಆಪರೇಷನ್ಸ್ ಕಡೆ, ಅಂದ್ರೆ ಕಂಪನಿಯ ದಿನದಿನದ ಕೆಲ್ಸ ಸರಿಯಾಗಿ ನಡೆಯೋ ಹಾಗೆ ನೋಡ್ಕೊಳ್ಳೋ ಕಡೆ ಬಂದೋಳು ನಾನು. ಹೇಗೆ ಬಂದ್ರಿ ಅಂತ ಕೇಳೋರು ತುಂಬಾ ಜನ, ಕೆಲವ್ರು ಎದುರಿಗೆ ಸಿಕ್ಕಾಗ ಕೇಳ್ತಾರೆ, ಕೆಲವ್ರು ಉದ್ದುದ್ದ ಪತ್ರ ಬರೀತಾರೆ, ಆದ್ರೆ ಮುಕ್ಕಾಲು ಪಾಲು ಪ್ರಶ್ನೆ ಅವೇ. ಅದಕ್ಕೇ ಅವ್ರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟು ನಂಗೆ ಗೊತ್ತಿರೋದನ್ನ ಬರೆದಿದೀನಿ. ಎಲ್ಲ ಓದ್ಬೇಕು ಅಂತೇನಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದ್ಯೋ ಅಲ್ಲಿಗೇ ಹೋಗಿ.

## ಮೊದಮೊದಲ ಪ್ರಶ್ನೆಗಳು

ಕೆಲ್ಸ ಚೆನ್ನಾಗೇ ಇದೆ, ಜನಾನೂ ಒಳ್ಳೆಯವ್ರು, ಆದ್ರೂ ಉಸಿರು ಕಟ್ಟಿದ ಹಾಗೆ ಆಗತ್ತೆ. ತಪ್ಪು ನಂದಾ?

ಅಲ್ಲ. ಒಂದೇ ಕುರ್ಚಿಲಿ ಕೂತು ಒಂದೇ ಕೆಲ್ಸ ಮಾಡೋ ಇಬ್ರಿಗೆ ಅದು ಬೇರೆ ಬೇರೆ ಥರ ಅನ್ಸೋದು ಸಹಜ. 1997ರಲ್ಲಿ ಏಮಿ ರೆಜ್ನೆಸ್ಕಿ ಮತ್ತವರ ಜೊತೆಯವ್ರು ಒಂದು ಅಧ್ಯಯನ ಪ್ರಕಟಿಸಿದ್ರು, ಜನ ತಮ್ಮ ಕೆಲ್ಸಾನ ಬರೀ ಸಂಬಳಕ್ಕೆ ಅಂತ ನೋಡ್ತಾರಾ, ಮೇಲೆ ಹತ್ತೋ ಮೆಟ್ಟಿಲು ಅಂತ ನೋಡ್ತಾರಾ, ಇಲ್ಲ ಇದು ನಂದೇ ಕೆಲ್ಸ ಅಂತ ಮನಸ್ಸಿಟ್ಟು ಮಾಡ್ತಾರಾ ಅಂತ. ಅದ್ರಲ್ಲಿ ಕಾಲೇಜಿನ 24 ಅಡ್ಮಿನಿಸ್ಟ್ರೇಟಿವ್ ಅಸಿಸ್ಟೆಂಟ್‌ಗಳ ಒಂದು ಗುಂಪನ್ನ ಬೇರೆಯಾಗಿ ನೋಡಿದ್ರು, ಅವ್ರು ಹೆಚ್ಚುಕಮ್ಮಿ ಸಮಸಮವಾಗಿ ಮೂರು ಪಾಲಾಗಿದ್ರು. ಕೆಲ್ಸ ಒಂದೇ, ನೋಡೋ ರೀತಿ ಮೂರು. ಹಾಗಾಗಿ ಪಕ್ಕದ ಟೇಬಲ್‌ನೋರು ನೆಮ್ಮದಿಯಾಗಿದಾರೆ, ನಂಗೇನು ರೋಗ ಅಂತ ಅಂದ್ಕೋಬೇಡಿ. ಅವ್ರಿಗೆ ಈ ಕೆಲ್ಸ ಸರಿಹೊಂದಿದೆ, ಅದು ಗೌರವದ ವಿಷ್ಯಾನೇ, ನಿಮ್ಗೆ ಸಾಕಾಗಿದೆ, ಅದೂ ಅಷ್ಟೇ ನಿಜ.

ಇದು ಬರೀ ಸುಸ್ತಾ, ಇಲ್ಲಾ ನಿಜವಾಗ್ಲೂ ಕೆಲ್ಸ ಬದಲಾಯಿಸ್ಬೇಕಾ? ಹೇಗೆ ಗೊತ್ತಾಗತ್ತೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿದೆ: ಶಕ್ತಿಯೆಲ್ಲ ಬಸಿದು ಹೋದ ಹಾಗಿರೋದು, ಕೆಲ್ಸದಿಂದ ಮನಸ್ಸು ದೂರ ಸರಿದು ಅದ್ರ ಬಗ್ಗೆ ಕಹಿ ಹುಟ್ಟೋದು, ಏನು ಮಾಡಿದ್ರೂ ಪ್ರಯೋಜನ ಆಗ್ತಿಲ್ಲ ಅನ್ಸೋದು. ಅದು ಕಾಯಿಲೆ ಅಂತ ಅಲ್ಲ, ಕೆಲ್ಸದ ಜಾಗದ ಒತ್ತಡ ಸರಿಯಾಗಿ ನಿಭಾಯಿಸದೇ ಹೋದಾಗ ಬರೋ ಸ್ಥಿತಿ ಅಂತ. ಈ ಮೂರೂ ನಿಮ್ಗಿದ್ರೆ ಮೊದ್ಲು ರಜೆ, ನಿದ್ದೆ, ಬೇಕಾದ್ರೆ ಡಾಕ್ಟ್ರು, ಆ ಸ್ಥಿತೀಲಿ ದೊಡ್ಡ ನಿರ್ಧಾರ ಬೇಡ.

ನಾನು ಹೇಳೋ ಸುಲಭದ ಪರೀಕ್ಷೆ ಒಂದಿದೆ. ಚೆನ್ನಾಗಿ ರಜೆ ತಗೊಂಡು ವಾಪಸ್ ಬಂದ ನಾಲ್ಕನೇ ದಿನ ನೋಡ್ಕೊಳ್ಳಿ. ಕೆಲ್ಸ ಮತ್ತೆ ಹಗುರ ಅನ್ಸಿದ್ರೆ ಅದು ಸುಸ್ತು. ಮೈ ಫ್ರೆಶ್ ಇದ್ದೂ, ಇನ್‌ಬಾಕ್ಸ್‌ನಲ್ಲಿ ಏನೇನು ಬರತ್ತೆ ಅದಕ್ಕೆ ನಾನೇನು ಉತ್ತರ ಕೊಡ್ತೀನಿ ಅನ್ನೋದು ತೆಗೆಯೋ ಮುಂಚೇನೇ ಗೊತ್ತಿದ್ರೆ, ಅದು ನೀವು ಆ ಕೆಲ್ಸಾನ ಮೀರಿ ಬೆಳೆದಿದೀರಿ ಅಂತ.

ನಾನು ಮಾಡೋದು ಮೇಲ್, ಫೈಲ್, ಮೀಟಿಂಗ್ ಬುಕ್ಕಿಂಗ್. ಇದ್ರಲ್ಲಿ ಸ್ಕಿಲ್ ಅಂತ ಹೇಳ್ಕೊಳೋಕೆ ಏನಿದೆ?

ಅತಿ ಹೆಚ್ಚು ಬರೋ ಪ್ರಶ್ನೆ ಇದೇ, ಮನಸ್ಸಿಗೆ ಹೆಚ್ಚು ನಾಟೋದೂ ಇದೇ. ಅಡ್ಮಿನ್ ಕೆಲ್ಸದ ಗುಣಾನೇ ಹಾಗೆ, ಚೆನ್ನಾಗಿ ನಡೆದ್ರೆ ಯಾರಿಗೂ ಕಾಣಲ್ಲ. ಯಾವತ್ತೋ ಒಂದಿನ ಮೀಟಿಂಗ್ ರೂಮ್ ಡಬಲ್ ಬುಕ್ ಆದಾಗ ಮಾತ್ರ ಎಲ್ರೂ ತಿರುಗಿ ನೋಡ್ತಾರೆ, ಉಳಿದ ಇನ್ನೂರು ದಿನ ಆಗದೇ ಇದ್ದಿದ್ದು ಯಾರ ಲೆಕ್ಕಕ್ಕೂ ಇಲ್ಲ, ಕೊನೆಗೆ ನಮ್ಮ ಲೆಕ್ಕಕ್ಕೂ ಇರಲ್ಲ.

ನಾನು ಮಾಡಿದ್ದು ಇಷ್ಟೇ. ಒಂದು ಸಣ್ಣ ಗೆರೆ ಎಳೆದ ನೋಟ್‌ಬುಕ್ ಇಟ್ಕೊಂಡು ಆರು ವಾರ ದಿನಾ ಸಂಜೆ ಎದ್ದು ಹೋಗೋ ಮುಂಚೆ ಮೂರು ಸಾಲು ಬರೆದೆ: ಏನು ಬಂತು, ನಾನೇನು ಮಾಡಿದೆ, ನಾನು ಮಾಡದೇ ಇದ್ದಿದ್ರೆ ಏನಾಗ್ತಿತ್ತು. ಮೊದಲ ವಾರ ಎರಡನೇ ಸಾಲು ತನಕ ಬಂದು ನಿಲ್ತಿದ್ದೆ, ಮೂರನೇದಕ್ಕೆ ಬರೆಯೋಕೇ ಏನೂ ಹೊಳೀತಿರ್ಲಿಲ್ಲ. ಮೂರನೇ ವಾರದಲ್ಲಿ ಒಂದು ದಿನ ಹೀಗೆ ಬರೆದಿದ್ದೆ: "ಸಪ್ಲೈಯರ್ ಇನ್‌ವಾಯ್ಸ್ ಎರಡು ಸಲ ಬಂದಿತ್ತು, ನಂಬರ್ ಒಂದೇ, ತಾರೀಖು ಬೇರೆ. ಅಕೌಂಟ್ಸ್‌ಗೆ ಹೋಗೋ ಮುಂಚೆ ತಡೆದೆ. ತಡೀದೇ ಇದ್ದಿದ್ರೆ ಎರಡು ಸಲ ಪೇಮೆಂಟ್." ಅದನ್ನ ಓದ್ಕೊಂಡು ಸುಮಾರು ಹೊತ್ತು ಹಾಗೇ ಕೂತಿದ್ದೆ. ಇದಕ್ಕೆ ಬೇರೆ ಕಡೆ ಇನ್‌ವಾಯ್ಸ್ ವೆರಿಫಿಕೇಷನ್ ಅಂತ ಹೆಸ್ರಿದೆ, ಅದಕ್ಕೇ ಅಂತ ಜನಾನ ಸಂಬಳ ಕೊಟ್ಟು ಇಟ್ಕೊಳ್ತಾರೆ, ನಾನು ಅದನ್ನ ಬೇರೆ ಹತ್ತು ಕೆಲ್ಸದ ನಡುವೆ ಮಾಡ್ತಿದ್ದೆ.

ನೀವೂ ಹೀಗೇ ಬರೀರಿ, ಆರು ವಾರ ಆದ್ಮೇಲೆ ಆ ಸಾಲುಗಳನ್ನ ಗುಂಪು ಮಾಡಿ ನೋಡಿ. ನಾಲ್ಕು ಜನ ಮ್ಯಾನೇಜರ್‌ಗಳ ಕ್ಯಾಲೆಂಡರ್ ಹೊಂದಿಸೋದು ಶೆಡ್ಯೂಲಿಂಗ್ ಮತ್ತೆ ಪ್ರಯಾರಿಟಿ ತೀರ್ಮಾನ. ಹೊಸಬ್ರಿಗೆ ಲ್ಯಾಪ್‌ಟಾಪ್, ಐಡಿ, ಮೊದಲ ದಿನದ ವ್ಯವಸ್ಥೆ ಮಾಡೋದು ಆನ್‌ಬೋರ್ಡಿಂಗ್. ಕೊಟೇಷನ್ ತರಿಸಿ ಹೋಲಿಸೋದು ಪ್ರೊಕ್ಯೂರ್‌ಮೆಂಟ್. ಹೆಸರು ಸಿಕ್ಕಿದ ಮೇಲೆ ದಾರಿ ತಾನಾಗೇ ಅರ್ಧ ಕಾಣತ್ತೆ.

ನೀನಿಲ್ದೆ ಆಫೀಸೇ ನಡೆಯಲ್ಲ ಅಂತಾರೆ, ಪ್ರಮೋಷನ್ ಮಾತ್ರ ಕೊಡಲ್ಲ. ಯಾಕೆ?

ಅವ್ರು ಹೇಳ್ತಿರೋ ಮಾತಲ್ಲೇ ಉತ್ತರ ಇದೆ. ನೀವಿಲ್ದೆ ನಡೆಯಲ್ಲ ಅಂದ್ರೆ ನಿಮ್ಮನ್ನ ಅಲ್ಲಿಂದ ಎತ್ತೋಕೆ ಯಾರಿಗೂ ಧೈರ್ಯ ಬರಲ್ಲ. ಎಲ್ಲ ನಿಮ್ಮ ತಲೆಯಲ್ಲಿದ್ರೆ ನೀವು ಆ ಜಾಗಕ್ಕೆ ಮೊಳೆ ಹೊಡ್ದಂಗೆ.

ಅದಕ್ಕೆ ಪ್ರತಿ ಕೆಲ್ಸಾನೂ ಬರೆದಿಡಿ. ಹೊಸಬ್ರು ಯಾರಾದ್ರೂ ಓದಿ ಒಬ್ರೇ ಮಾಡೋ ಹಾಗೆ, ಯಾವ ಫೋಲ್ಡರ್, ಯಾರನ್ನ ಕೇಳ್ಬೇಕು, ತಿಂಗಳ ಯಾವ ದಿನ, ಎಲ್ಲಿ ತಪ್ಪಾಗತ್ತೆ. ಬರೆದಾದ ಮೇಲೆ ಒಂದು ರಜೆ ದಿನ ಅದನ್ನ ಬೇರೆಯವ್ರ ಕೈಗೆ ಕೊಟ್ಟು ನೋಡಿ. ಬರೆದು ಕೊಟ್ರೆ ನನ್ನ ಬೆಲೆ ಹೋಗತ್ತೆ ಅಂತ ಭಯ ಪಡ್ತಾರೆ ತುಂಬಾ ಜನ, ನಂಗೂ ಇತ್ತು, ಆದ್ರೆ ಇಂಟರ್‌ವ್ಯೂನಲ್ಲಿ ನನ್ನ ಕೈ ಹಿಡಿದಿದ್ದು ಆ ದಾಖಲೆಗಳೇ, ಇಷ್ಟು ಪ್ರಕ್ರಿಯೆಗಳನ್ನ ನಾನು ಬರೆದು ನಿಲ್ಲಿಸಿದೀನಿ ಅಂತ ಹೇಳೋಕಾಯ್ತು.

## ದಾರಿ ಹುಡುಕೋ ಹೊತ್ತಿನ ಪ್ರಶ್ನೆಗಳು

ಅಡ್ಮಿನ್‌ನಿಂದ ಯಾವ ಯಾವ ಕಡೆಗೆ ಹೋಗ್ಬೋದು? ಪೂರ್ತಿ ಹೊಸದಾಗಿ ಶುರು ಮಾಡ್ಬೇಕಾ?

ಬೇಡ. ಈಗ ಮಾಡ್ತಿರೋದ್ರ ಪಕ್ಕದಲ್ಲೇ ಇರೋ ಕೆಲ್ಸ ಹುಡುಕಿ. ಮೇಲೆ ಸ್ಕಿಲ್ ಪ್ರಶ್ನೇಲಿ ಹೇಳಿದ ದಿನಕ್ಕೆ ಮೂರು ಸಾಲಿನ ನೋಟ್‌ಬುಕ್‌ನಲ್ಲಿ ಡೆಡ್‌ಲೈನ್ ತಪ್ಪದ ಹಾಗೆ ನೋಡ್ಕೊಳ್ಳೋದು, ಯಾರ್ಯಾರು ಏನು ಬಾಕಿ ಇಟ್ಟಿದಾರೆ ಅಂತ ಬೆನ್ನು ಹತ್ತೋದು ಜಾಸ್ತಿ ಇದ್ರೆ ಪ್ರಾಜೆಕ್ಟ್ ಕೋಆರ್ಡಿನೇಷನ್. ಜನರ ವಿಷ್ಯ, ಸೇರೋರು ಬಿಡೋರು, ರಜೆ ಲೆಕ್ಕ ಇದ್ರೆ ಎಚ್‌ಆರ್ ಆಪರೇಷನ್ಸ್ ಅಥವಾ ಪೇರೋಲ್. ಸಪ್ಲೈಯರ್, ಕಾಂಟ್ರಾಕ್ಟ್, ಸ್ಟಾಕ್ ಇದ್ರೆ ಪ್ರೊಕ್ಯೂರ್‌ಮೆಂಟ್. ಶೀಟುಗಳ ಜೊತೆ ಕೂತಾಗ ಹೊತ್ತು ಹೋಗಿದ್ದೇ ಗೊತ್ತಾಗದಿದ್ರೆ ರಿಪೋರ್ಟಿಂಗ್, ಡೇಟಾ ಕಡೆ. ನಿಯಮ, ದಾಖಲೆ, ಆಡಿಟ್ ಅಂದ್ರೆ ಇಷ್ಟ ಇದ್ರೆ ಕಂಪ್ಲಯನ್ಸ್. ಅಡ್ಮಿನ್ ಕೆಲ್ಸಾನೇ ಇಷ್ಟ, ಆದ್ರೆ ದೊಡ್ಡ ಮಟ್ಟದಲ್ಲಿ ಬೇಕು ಅನ್ನೋರಿಗೆ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್, ಆಫೀಸ್ ಮ್ಯಾನೇಜರ್ ದಾರಿನೂ ಇದೆ, ಅದನ್ನ ಕೀಳಾಗಿ ನೋಡೋದು ಬೇಡ.

ಏನು ಇಷ್ಟ ಅಂತ ತಲೇಲಿ ಯೋಚಿಸಿದ್ರೆ ಉತ್ತರ ಸಿಗಲ್ಲ. ಯಾವ ಸಾಲು ಬರೀವಾಗ ಇನ್ನೊಂದೆರಡು ಸಾಲು ಜಾಸ್ತಿನೇ ಬರೆದಿದೀರಿ ಅಂತ ಪುಟ ತಿರುವಿ ನೋಡಿ.

ಎಕ್ಸೆಲ್ ಬರತ್ತೆ ಅಂತ ಹಾಕಿದ್ರೆ ಸಾಕಾ? ಇನ್ನೇನು ಕಲೀಬೇಕು?

ಎಕ್ಸೆಲ್ ಬರತ್ತೆ ಅನ್ನೋದು ಎಲ್ರೂ ಬರೆಯೋ ಸಾಲು, ಅದ್ರಿಂದ ಏನೂ ತಿಳಿಯಲ್ಲ. ಪಿವಟ್ ಟೇಬಲ್ (ಉದ್ದದ ಪಟ್ಟಿಯಿಂದ ಸಾರಾಂಶ ತೆಗೆಯೋದು) ನೋಡ್ಕೊಳ್ದೆ ಮಾಡೋಕೆ ಬರ್ಬೇಕು, ಎಕ್ಸ್‌ಲುಕಪ್ (ಒಂದು ಹೆಸರಿಗೆ ಹೊಂದೋ ವಿವರ ಇನ್ನೊಂದು ಪಟ್ಟಿಯಿಂದ ಹುಡುಕಿ ತರೋ ಫಾರ್ಮುಲಾ) ಬರ್ಬೇಕು, ಪವರ್ ಕ್ವೆರಿ ಬಂದ್ರೆ ಪ್ರತಿ ತಿಂಗಳು ಕೈಯಲ್ಲಿ ಕಾಪಿ ಪೇಸ್ಟ್ ಮಾಡೋ ರಿಪೋರ್ಟ್ ಒಂದು ರಿಫ್ರೆಶ್ ಒತ್ತಿದ್ರೆ ಬರತ್ತೆ. ಡೇಟಾ ಕಡೆ ಹೋಗೋ ಆಸೆ ಇದ್ರೆ ಮುಂದಿನದು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋ ಭಾಷೆ), ಆಮೇಲೆ ಪವರ್ ಬಿಐ (ಚಾರ್ಟ್, ರಿಪೋರ್ಟ್ ಮಾಡೋ ಸಾಫ್ಟ್‌ವೇರ್).

ಕಲಿಯೋದು ಅಂದ್ರೆ ಕೋರ್ಸ್ ವಿಡಿಯೋ ನೋಡೋದಲ್ಲ, ನಿಮ್ಮದೇ ಒಂದು ಶೀಟ್ ತಗೊಳ್ಳಿ. ನಂಗೆ ನಿಜವಾಗಿ ಕಲಿಸಿದ್ದು ಒಂದು ತಪ್ಪು. ಎಕ್ಸ್‌ಲುಕಪ್‌ಗಿಂತ ಹಳೇದಾದ ವಿಲುಕಪ್ ಫಾರ್ಮುಲಾದಲ್ಲಿ ನಾಲ್ಕನೇ ಭಾಗ ಹಾಕದೇ ಬಿಟ್ರೆ ಅದು ಸರಿಯಾದ ಹೆಸರನ್ನೇ ಹುಡುಕಲ್ಲ, ಹತ್ತಿರದ್ದು ಕೊಟ್ರೂ ಆಗತ್ತೆ ಅಂದ್ಕೊಳತ್ತೆ, ಅದೂ ಲಿಸ್ಟ್ ಕ್ರಮವಾಗಿ ಜೋಡ್ಸಿರತ್ತೆ ಅಂತ ನಂಬ್ಕೊಂಡು. ನನ್ನ ಲಿಸ್ಟ್ ಜೋಡ್ಸಿರ್ಲಿಲ್ಲ. ಎರರ್ ಬರ್ಲಿಲ್ಲ, ಎಲ್ಲ ಸಾಲಲ್ಲೂ ನಂಬರ್ ಬಂತು, ಅರ್ಧ ತಪ್ಪು ನಂಬರ್. ರಿಪೋರ್ಟ್ ಹೋಗೋ ಮುಂಚೆ ಒಂದು ಸಪ್ಲೈಯರ್ ಮೊತ್ತ ನೋಡಿ ಇದು ಇಷ್ಟಿರೋಕೆ ಸಾಧ್ಯನೇ ಇಲ್ಲ ಅನ್ಸಿ ಒಂದೊಂದೇ ಸಾಲು ಬಿಡಿಸ್ತಾ ಕೂತೆ. ಆ ನಾಲ್ಕನೇ ಭಾಗಕ್ಕೆ ಫಾಲ್ಸ್ ಅಂತ ಒಂದು ಪದ ಸೇರಿಸಿದ್ಮೇಲೆ ಸರಿಯಾಯ್ತು. ಎಕ್ಸ್‌ಲುಕಪ್‌ನಲ್ಲಿ ಈ ಗೋಳಿಲ್ಲ, ಅದು ತಾನಾಗೇ ಪಕ್ಕಾ ಹೊಂದೋದನ್ನೇ ಹುಡುಕತ್ತೆ. ಇಷ್ಟು ಇಂಟರ್‌ವ್ಯೂನಲ್ಲಿ ಹೇಳಿದ್ರೆ, ಈ ಮನುಷ್ಯ ಶೀಟಿನ ಜೊತೆ ನಿಜವಾಗ್ಲೂ ಬದುಕಿದಾರೆ ಅಂತ ಎದುರಿನವ್ರಿಗೆ ಗೊತ್ತಾಗತ್ತೆ.

ಸರ್ಟಿಫಿಕೇಟ್ ತಗೊಂಡ್ರೆ ಕೆಲ್ಸ ಸಿಗತ್ತಾ? ಪಿಎಂಪಿ ಮಾಡ್ಬಿಡ್ಲಾ?

ಸರ್ಟಿಫಿಕೇಟ್ ಬಾಗಿಲು ತಟ್ಟತ್ತೆ, ಒಳಗೆ ಕರ್ಕೊಂಡು ಹೋಗಲ್ಲ. ಪಿಎಂಪಿ ಅಂದ್ರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಕೊಡೋ ಸರ್ಟಿಫಿಕೇಟ್. ಅದ್ರ ಪರೀಕ್ಷೆಗೆ ಸುಮ್ನೆ ದುಡ್ಡು ಕಟ್ಟಿ ಕೂರೋಕಾಗಲ್ಲ, ನಾಲ್ಕು ವರ್ಷದ ಡಿಗ್ರಿ ಇದ್ದೋರೂ ಕೂಡ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ತೋರಿಸ್ಬೇಕು, ಜೊತೆಗೆ 35 ಗಂಟೆ ತರಬೇತಿ. ಅದೇ ಸಂಸ್ಥೆಯ ಸಿಎಪಿಎಂ ಅನ್ನೋ ಸರ್ಟಿಫಿಕೇಟ್ ಹೊಸದಾಗಿ ಶುರು ಮಾಡೋರಿಗೆ, ಅದಕ್ಕೆ ಅನುಭವ ಕೇಳಲ್ಲ, 23 ಗಂಟೆ ಕಲಿಕೆ ಸಾಕು. ಪ್ರಾಜೆಕ್ಟ್ ಕಡೆ ಹೋಗೋದು ಪಕ್ಕಾ ಅಂತಾದ್ರೆ ಅಲ್ಲಿಂದ ಶುರು ಮಾಡಿ.

ದುಡ್ಡು ಕಟ್ಟೋ ಮುಂಚೆ ಒಂದು ಕೆಲ್ಸ: ನಿಮ್ಗೆ ಬೇಕಾದ ಹುದ್ದೆಯ ಇಪ್ಪತ್ತು ಜಾಹೀರಾತು ತೆಗೆದು, ಎಷ್ಟ್ರಲ್ಲಿ ಆ ಸರ್ಟಿಫಿಕೇಟ್ ಹೆಸರಿದೆ ಅಂತ ಎಣಿಸಿ. ಎರಡ್ಮೂರರಲ್ಲಿ ಮಾತ್ರ ಇದ್ರೆ ಆ ದುಡ್ಡು, ಆ ಸಂಜೆಗಳು ಬೇರೆ ಕಡೆ ಹೋಗ್ಲಿ.

ವಯಸ್ಸು 40 ದಾಟಿದೆ, ಈಗ ಯಾರು ತಗೋತಾರೆ?

ತೊಂದ್ರೆ ಆಗಲ್ಲ ಅಂತ ಸುಳ್ಳು ಹೇಳಲ್ಲ, ಕೆಲವು ಕಡೆ ಆಗತ್ತೆ. ಆದ್ರೆ ಪಕ್ಕದ ಕೆಲ್ಸಕ್ಕೆ ಹೋಗೋರಿಗೆ ವಯಸ್ಸಿನ ಜೊತೆ ಬಂದ ಅನುಭವ ಲೆಕ್ಕಕ್ಕೆ ಬರತ್ತೆ, ಪೂರ್ತಿ ಬೇರೆ ಕ್ಷೇತ್ರಕ್ಕೆ ಹಾರೋರಿಗೆ ಮಾತ್ರ ಸೊನ್ನೆಯಿಂದ ಶುರು. ರೆಸ್ಯೂಮೆಯಲ್ಲಿ ಕೊನೆಯ ಹತ್ತು ಹದಿನೈದು ವರ್ಷ ವಿವರವಾಗಿ ಬರೆದ್ರೆ ಸಾಕು, ಅದಕ್ಕೂ ಹಿಂದಿಂದು ಎರಡು ಸಾಲಲ್ಲಿ ಮುಗಿಸಿ.

## ಹೆಜ್ಜೆ ಇಟ್ಟ ಮೇಲಿನ ಪ್ರಶ್ನೆಗಳು

ರೆಸ್ಯೂಮೆಯಲ್ಲಿ ಅಡ್ಮಿನ್ ಅಂತ ನೋಡಿದ ತಕ್ಷಣ ಪಕ್ಕಕ್ಕಿಡ್ತಾರೆ, ಡೆಸಿಗ್ನೇಷನ್ ಬದಲಾಯಿಸಿ ಹಾಕ್ಲಾ?

ದಯವಿಟ್ಟು ಬೇಡ. ಹಳೇ ಕಂಪನಿಗೆ ಒಂದು ಫೋನ್ ಮಾಡಿದ್ರೆ ಗೊತ್ತಾಗತ್ತೆ, ಆಮೇಲೆ ನೀವು ನಿಜ ಹೇಳಿದ್ದನ್ನೂ ನಂಬಲ್ಲ. ಡೆಸಿಗ್ನೇಷನ್ ಹಾಗೇ ಇರ್ಲಿ, ಅದ್ರ ಕೆಳಗಿನ ಸಾಲು ಬದಲಾಗ್ಲಿ.

"ಮೀಟಿಂಗ್ ವ್ಯವಸ್ಥೆ ನೋಡ್ಕೊಳ್ತಿದ್ದೆ, ಫೈಲ್ ನಿರ್ವಹಣೆ" ಅಂತ ಬರೆದ್ರೆ ಅದು ಯಾರ ರೆಸ್ಯೂಮೆ ಬೇಕಾದ್ರೂ ಆಗ್ಬೋದು. "ಆರು ಟೀಮ್‌ಗಳ 45 ಸಪ್ಲೈಯರ್ ಕಾಂಟ್ರಾಕ್ಟ್‌ಗಳನ್ನ ಒಂದೇ ಶೀಟ್‌ಗೆ ತಂದು, ಮುಗಿಯೋ 60 ದಿನ ಮುಂಚೆ ನೆನಪಿಸೋ ವ್ಯವಸ್ಥೆ ಮಾಡಿದೆ, ಆಮೇಲೆ ಒಂದೂ ಕಾಂಟ್ರಾಕ್ಟ್ ಗೊತ್ತಾಗದೇ ರಿನ್ಯೂ ಆಗಿಲ್ಲ" ಅಂತ ಬರೆದ್ರೆ ಅದು ನಿಮ್ಮದು. ಎಷ್ಟು, ಎಷ್ಟು ಜನಕ್ಕೆ, ಎಷ್ಟು ಸಲ, ಮೊದ್ಲು ಹೇಗಿತ್ತು ಆಮೇಲೆ ಹೇಗಾಯ್ತು, ಇಷ್ಟೇ ಕೇಳ್ಕೊಳ್ಳಿ. ನಂಬರ್ ಇಲ್ದಿದ್ರೆ ಹುಟ್ಟಿಸ್ಬೇಡಿ, ಇನ್‌ಬಾಕ್ಸ್, ಕ್ಯಾಲೆಂಡರ್ ಎಣಿಸಿದ್ರೆ ನಿಜವಾದ ನಂಬರ್ ಸಿಗತ್ತೆ.

ಜಾಹೀರಾತಿನಲ್ಲಿ ವೆಂಡರ್ ಮ್ಯಾನೇಜ್‌ಮೆಂಟ್ ಅಂತ ಇದ್ರೆ ನೀವೂ ಅದೇ ಪದ ಹಾಕಿ. ತುಂಬಾ ಕಡೆ ರಿಕ್ರೂಟರ್‌ಗಳು ಸಾಫ್ಟ್‌ವೇರ್‌ನಲ್ಲಿ ಪದ ಹಾಕಿ ಹುಡುಕ್ತಾರೆ, ನೀವು ಮಾಡಿದ್ದೂ ಅದೇ ಆಗಿದ್ದು ಬೇರೆ ಹೆಸರಲ್ಲಿ ಬರೆದಿದ್ರೆ ಕಣ್ಣಿಗೇ ಬೀಳಲ್ಲ.

ಅಪ್ಲೈ ಮಾಡಿ ಮಾಡಿ ಸಾಕಾಯ್ತು, ಒಂದು ಉತ್ತರಾನೂ ಇಲ್ಲ. ಪರಿಚಯ ಇದ್ದೋರಿಗೇ ಎಲ್ಲ ಸಿಗತ್ತಾ?

ಪರಿಚಯ ಕೆಲ್ಸಕ್ಕೆ ಬರತ್ತೆ ನಿಜ, ಆದ್ರೆ ನೀವಂದ್ಕೊಂಡಿರೋ ಪರಿಚಯ ಅಲ್ಲ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ ತೋರಿಸಿದ್ದು ಏನಂದ್ರೆ, ಕೆಲ್ಸದ ಸುದ್ದಿ ಹೆಚ್ಚಾಗಿ ಬರೋದು ಆಪ್ತರಿಂದಲ್ಲ, ಅಪರೂಪಕ್ಕೆ ಮಾತಾಡೋ ದೂರದ ಪರಿಚಯದವ್ರಿಂದ. ಕಾರಣ ಸರಳ, ನಿಮ್ಮ ಆಪ್ತರಿಗೆ ಗೊತ್ತಿರೋದು ನಿಮ್ಗೂ ಗೊತ್ತಿರತ್ತೆ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗದಲ್ಲೂ ದೂರದ ಪರಿಚಯಗಳೇ ಕೆಲ್ಸ ಬದಲಾಯಿಸೋಕೆ ಹೆಚ್ಚು ನೆರವಾಗಿದ್ವು, ತೀರಾ ದೂರದ್ದೂ ಅಲ್ಲ, ಒಂದಷ್ಟು ಜನ ಇಬ್ಬರಿಗೂ ಗೊತ್ತಿರೋ ಅಂಥವು.

ಅಡ್ಮಿನ್ ಮಾಡಿದೋರ ಹತ್ರ ಇಂಥ ಪರಿಚಯ ಬೇರೆಯವ್ರಿಗಿಂತ ಜಾಸ್ತಿ ಇರತ್ತೆ, ಅದನ್ನ ಯಾರೂ ಗಮನಿಸಲ್ಲ. ಸಪ್ಲೈಯರ್ ಕಡೆಯೋರು, ಬಿಟ್ಟು ಹೋದ ಸಹೋದ್ಯೋಗಿಗಳು, ಬೇರೆ ಬ್ರ್ಯಾಂಚಿನೋರು, ಆಡಿಟ್‌ಗೆ ಬಂದೋರು, ಎಲ್ರ ಜೊತೆ ಮಾತಾಡಿದೋರು ನೀವೇ. ಅವ್ರಿಗೆ ಕೆಲ್ಸ ಕೊಡ್ಸಿ ಅಂತ ಬರೀಬೇಡಿ. "ನೀವು ಪ್ರೊಕ್ಯೂರ್‌ಮೆಂಟ್‌ನಲ್ಲಿ ಇದೀರಿ ಅಂತ ಗೊತ್ತಾಯ್ತು, ನಂಗೂ ಆ ಕಡೆ ಬರೋ ಯೋಚನೆ ಇದೆ, ನಿಮ್ಮ ದಿನ ಹೇಗಿರತ್ತೆ ಅಂತ ಹದಿನೈದು ನಿಮಿಷ ಕೇಳ್ಬೋದಾ" ಅಂತ ಬರೀರಿ. ಮಾತು ಮುಗಿಯೋ ಹೊತ್ತಿಗೆ, ಇನ್ಯಾರ ಹತ್ರ ಮಾತಾಡಿದ್ರೆ ಒಳ್ಳೇದು ಅಂತ ಒಂದು ಪ್ರಶ್ನೆ. ನಂಗೆ ಈಗಿನ ಕೆಲ್ಸ ಸಿಕ್ಕಿದ್ದು ಹಾಗೆ ಸಿಕ್ಕ ಮೂರನೇ ಹೆಸರಿಂದ.

ಇದೇ ಕಂಪನೀಲಿ ಬೇರೆ ಟೀಮ್‌ಗೆ ಕೇಳ್ಲಾ, ಇಲ್ಲ ಹೊರಗೇ ನೋಡ್ಲಾ?

ಒಳಗೆ ಬದಲಾಗೋದು ಸಲೀಸು, ನಿಮ್ಮ ಕೆಲ್ಸ ನೋಡಿದೋರಿದಾರೆ. ಆದ್ರೆ ಹಿತ್ತಲ ಗಿಡ ಮದ್ದಲ್ಲ ಅನ್ನೋದೂ ಅಷ್ಟೇ ನಿಜ, ಹತ್ತು ವರ್ಷ ಅಡ್ಮಿನ್ ಅಂತ ನೋಡಿದ ಕಣ್ಣಿಗೆ ನೀವು ಬೇರೆ ಥರ ಕಾಣೋದು ಕಷ್ಟ.

ಮೊದ್ಲು ಒಳಗೆ ಒಂದು ಪ್ರಾಮಾಣಿಕ ಪ್ರಯತ್ನ ಮಾಡಿ, ಅದಕ್ಕೊಂದು ಗಡುವು ಇಟ್ಕೊಳ್ಳಿ, ಆರು ತಿಂಗಳು ಅಂತಿಟ್ಕೊಳ್ಳಿ. ಮ್ಯಾನೇಜರ್ ಹತ್ರ ನಂಗೆ ಬೇಜಾರಾಗಿದೆ ಅನ್ನೋದಕ್ಕಿಂತ ಹೀಗೆ ಹೇಳಿ: "ಸರ್, ಪ್ರಾಜೆಕ್ಟ್ ಕೋಆರ್ಡಿನೇಷನ್ ಕಡೆ ಬೆಳೆಯೋ ಆಸೆ ಇದೆ. ಮುಂದಿನ ಕ್ವಾರ್ಟರ್ ಆಫೀಸ್ ಶಿಫ್ಟಿಂಗ್ ಪ್ಲ್ಯಾನ್ ಪೂರ್ತಿ ನಾನೇ ನಡೆಸ್ಲಾ? ನನ್ನ ಈಗಿನ ಕೆಲ್ಸದಲ್ಲಿ ಇವೆರಡನ್ನ ಬೇರೆಯವ್ರಿಗೆ ಕಲಿಸ್ತೀನಿ, ಬರೆದೂ ಇಟ್ಟಿದೀನಿ." ಎರಡು ಕೆಲ್ಸ ಬಿಡೋ ಮಾತು ಇರ್ಲೇಬೇಕು, ಇಲ್ದಿದ್ರೆ ಹೊಸದು ಹಳೇದ್ರ ಮೇಲೆ ಬಂದು ಕೂರತ್ತೆ. ಗಡುವು ಮುಗಿದ್ರೂ ನೋಡೋಣ ನೋಡೋಣ ಅಂತಿದ್ರೆ ಅದೇ ಉತ್ತರ ಅಂತ ತಿಳ್ಕೊಂಡು ಹೊರಗೆ ನೋಡಿ.

ಸಂಬಳ ಕಮ್ಮಿಯಾದ್ರೂ ಒಪ್ಕೋಬೇಕಾ?

ಪಕ್ಕದ ಕೆಲ್ಸಕ್ಕೆ ಹೋಗುವಾಗ ಸಾಮಾನ್ಯವಾಗಿ ಬೇಕಾಗಲ್ಲ. ದೂರ ಹಾರುವಾಗ ಬೇಕಾಗ್ಬೋದು. ಹೊಸ ಸಂಬಳ ಎಷ್ಟೋ ಅಷ್ಟರಲ್ಲೇ ಮೂರು ತಿಂಗಳು ಬದುಕಿ ನೋಡಿ, ಉಳಿದದ್ದನ್ನ ಬೇರೆ ಖಾತೆಗೆ ಹಾಕಿ. ಆಯ್ತು ಅಂದ್ರೆ ಧೈರ್ಯ ಬರತ್ತೆ, ಕೈಯಲ್ಲಿ ಒಂದಿಷ್ಟು ದುಡ್ಡೂ ಉಳಿಯತ್ತೆ. ಆಗ್ಲಿಲ್ಲ ಅಂದ್ರೆ ಕೆಲ್ಸ ಬಿಡೋ ಮುಂಚೇನೇ ಗೊತ್ತಾಯ್ತಲ್ಲ. ಹೊಸ ಕೆಲ್ಸ ಕೈಗೆ ಬರದೆ ಇರೋದನ್ನ ಬಿಡೋದು, ಮನೇಲಿ ನಿಮ್ಮ ಸಂಬಳ ನಂಬ್ಕೊಂಡೋರಿದ್ರೆ, ನಾನಂತೂ ಹೇಳಲ್ಲ. ಆರೋಗ್ಯ ಕೆಡ್ತಿದ್ರೆ ಮಾತ್ರ ಬೇರೆ ಮಾತು.

ಎಐ ಬಂದು ಅಡ್ಮಿನ್ ಕೆಲ್ಸಾನೇ ಇರಲ್ವಂತೆ, ನಿಜಾನಾ?

ಭಯ ಸುಮ್ನೆ ಹುಟ್ಟಿದ್ದಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಕೊಟ್ಟ ವರದೀಲಿ ಜನರೇಟಿವ್ ಎಐ (ಕೇಳಿದ್ದನ್ನ ತಾನೇ ಬರೆದು ಕೊಡೋ ಥರದ್ದು) ಅತಿ ಹೆಚ್ಚು ತಾಗೋದು ಕ್ಲರಿಕಲ್ ಕೆಲ್ಸಗಳಿಗೆ ಅಂತ ಇದೆ, ಆ ಕೆಲ್ಸಗಳ ಸುಮಾರು ಕಾಲು ಭಾಗ ಜಾಸ್ತಿನೇ ತಾಗತ್ತೆ, ಅರ್ಧಕ್ಕಿಂತ ಹೆಚ್ಚು ಭಾಗ ಮಧ್ಯಮ ಮಟ್ಟದಲ್ಲಿ. ಒಟ್ಟಾರೆ ಹೆಚ್ಚಿನ ಕೆಲ್ಸಗಳು ಪೂರ್ತಿ ಹೋಗೋದಕ್ಕಿಂತ ರೂಪ ಬದಲಾಯಿಸ್ತಾವೆ ಅಂತಾನೂ ಅದೇ ವರದಿ ಹೇಳತ್ತೆ.

ನಿಮ್ಮ ನೋಟ್‌ಬುಕ್‌ನ ಮೂರನೇ ಸಾಲಿಗೆ, ಅಂದ್ರೆ ನಾನು ಮಾಡದೇ ಇದ್ದಿದ್ರೆ ಏನಾಗ್ತಿತ್ತು ಅಂತ ಬರೆದ ಸಾಲಿಗೆ ವಾಪಸ್ ಹೋಗಿ. ಟೈಪ್ ಮಾಡೋದು, ಸಾರಾಂಶ ಬರೆಯೋದು, ಫಾರ್ಮ್ ತುಂಬೋದು ಮಷೀನ್‌ಗೆ ಹೋಗತ್ತೆ. ಈ ಇನ್‌ವಾಯ್ಸ್ ಸರಿಯಿಲ್ಲ ಅನ್ಸಿ ಫೋನ್ ಎತ್ತಿ ಕೇಳೋದು, ಇಬ್ರು ಮ್ಯಾನೇಜರ್‌ಗಳಲ್ಲಿ ಇವತ್ತು ಯಾರ ಮೀಟಿಂಗ್ ಮುಂದೂಡಿದ್ರೆ ನಡೆಯತ್ತೆ ಅಂತ ತೀರ್ಮಾನ ಮಾಡೋದು ಅಷ್ಟು ಬೇಗ ಹೋಗಲ್ಲ. ಮೊದಲನೇ ಥರದ್ದಕ್ಕೆ ಎಐ ಬಳಸೋದು ಈಗ್ಲೇ ಕಲೀರಿ, ಕಂಪನಿಯ ಗುಟ್ಟಿನ ಮಾಹಿತಿ ಮಾತ್ರ ಕೇಳ್ದೆ ಅದಕ್ಕೆ ಹಾಕ್ಬೇಡಿ, ಉಳಿದ ಹೊತ್ತು ಎರಡನೇ ಥರದ್ದಕ್ಕೆ ಕೊಡಿ.

ಹೊಸ ಕೆಲ್ಸಕ್ಕೆ ಸೇರಿ ಮೂರು ತಿಂಗಳಾಯ್ತು, ಇಲ್ಲೂ ಮೀಟಿಂಗ್ ನೋಟ್ಸ್, ಬರ್ತ್‌ಡೇ ಕೇಕ್ ಎಲ್ಲ ನಂಗೇ ಬರ್ತಿದೆ. ಮತ್ತೆ ಅಲ್ಲೇ ಬಂದು ನಿಂತ್ನಾ?

ಇಲ್ಲ, ಆದ್ರೆ ಇವತ್ತೇ ತಡೀಬೇಕು. ನಿಮ್ಗೆ ಇದು ಚೆನ್ನಾಗಿ ಬರತ್ತೆ ಅಂತ ಎಲ್ರಿಗೂ ಗೊತ್ತು, ನೀವೂ ಯಾರೂ ಮುಂದೆ ಬರದಿದ್ದಾಗ ಸುಮ್ನಿರೋಕಾಗದೆ ಕೈ ಎತ್ತಿರ್ತೀರಿ. ಹೆಂಗಸ್ರಿಗೆ ಇದು ಇನ್ನೂ ಹೆಚ್ಚು. 2017ರಲ್ಲಿ ಪ್ರಕಟವಾದ ಒಂದು ಅರ್ಥಶಾಸ್ತ್ರದ ಪ್ರಯೋಗದಲ್ಲಿ, ಯಾರಿಗೂ ಬೇಡವಾದ ಆದ್ರೆ ಯಾರಾದ್ರೂ ಮಾಡ್ಲೇಬೇಕಾದ ಕೆಲ್ಸಕ್ಕೆ ಗಂಡಸ್ರು ಹೆಂಗಸ್ರು ಸೇರಿದ ಗುಂಪಲ್ಲಿ ಹೆಂಗಸ್ರೇ ಜಾಸ್ತಿ ಮುಂದೆ ಬಂದ್ರು. ಬರೀ ಗಂಡಸ್ರ ಗುಂಪಾದಾಗ ಗಂಡಸ್ರೂ ಅಷ್ಟೇ ಮುಂದೆ ಬಂದ್ರು. ಅಂದ್ರೆ ಅವ್ರಿಗೆ ಬರಲ್ಲ ಅಂತಲ್ಲ, ಇನ್ಯಾರೋ ಮಾಡ್ತಾರೆ ಅಂತ ಕಾಯ್ತಿರ್ತಾರೆ.

ಮಾಡಲ್ಲ ಅಂತ ಮುಖ ಮುರಿದು ಹೇಳೋದು ಬೇಡ. "ಈ ತಿಂಗಳು ನಾನು ಬರೆದಿದೀನಿ, ಮುಂದಿನ ತಿಂಗಳಿಂದ ಸರದಿ ಮಾಡ್ಕೊಳ್ಳೋಣ, ಲಿಸ್ಟ್ ನಾನೇ ಹಾಕ್ತೀನಿ" ಅನ್ನಿ. ಹಾಕಿ, ಅದೂ ಅದೇ ಮೀಟಿಂಗ್‌ನಲ್ಲಿ, ಎಲ್ರ ಎದುರಿಗೆ. ನನ್ನ ಟೀಮ್‌ನಲ್ಲಿ ಈಗ ನೋಟ್ಸ್ ಯಾರು ಬರೀಬೇಕು ಅಂತ ಕ್ಯಾಲೆಂಡರ್ ಇನ್‌ವೈಟ್‌ನಲ್ಲೇ ಇರತ್ತೆ, ಎಂಟು ಜನ, ವಾರಕ್ಕೊಬ್ರು, ಡೈರೆಕ್ಟರ್ ಹೆಸ್ರೂ ಅದ್ರಲ್ಲಿದೆ.